ಪೆಟ್ಟಿಗೆ ಸರಿಹೋದರೆ ಇರುತ್ತೇನೆ

ನಮ್ಮತ್ತೆಯ ಹಾಡಿನ ಪೆಟ್ಟಿಗೆ ಮೊದಲ ಸಲ ಕೆಟ್ಟು ನಿಂತಾಗ ನನಗೆ ಸಂತೋಷವಾಯಿತು. ಸುಳ್ಳು ಹೇಳಿ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲ ನನಗಿಲ್ಲ.

ತೈನಾನ್ ಊರಿನ ಹಳೇ ಪೇಟೆಯಲ್ಲಿ ನಮ್ಮದು ಹೂಮೀನಿನ ಗಂಜಿಯಂಗಡಿ. ಕೋಳಿ ಕೂಗುವ ಮುಂಚೆ ಎದ್ದು ಮೀನಿನ ಮುಳ್ಳು ತೆಗೆಯಲು ಕೂತರೆ, ಮಧ್ಯಾಹ್ನ ಕೊನೆಯ ಬಟ್ಟಲು ತೊಳೆದು ಷಟರನ್ನು ಅರ್ಧ ಎಳೆಯುವವರೆಗೂ ನನಗಾಗಲಿ ನನ್ನ ಗಂಡ ಕ್ವೋಲ್ಯಾಂಗನಿಗಾಗಲಿ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಆಮೇಲೆ ಮಹಡಿ ಹತ್ತಿ ಒಂದು ನಿದ್ದೆ ತೆಗೆಯಬೇಕು. ಇಲ್ಲದಿದ್ದರೆ ಸಂಜೆ ನನ್ನನ್ನು ಮಾತಾಡಿಸಿದವರ ಗತಿ ನಾಯಿಪಾಡು. ಸರಿಯಾಗಿ ನಾನು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಕೆಳಗೆ ಅಂಗಡಿಯಲ್ಲಿ ಹಾಡಿನ ಕಚೇರಿ ಶುರುವಾಗುತ್ತಿತ್ತು.

ಕಲಾವಿದರು ಮೂವರೇ. ಒಬ್ಬರು ನಮ್ಮತ್ತೆ. ಇನ್ನೊಬ್ಬರು ಪಕ್ಕದ ಮನೆಯ ಚಿನ್‌ಫೆಂಗ್ ಅಜ್ಜಿ, ಅತ್ತೆಯ ಬಾಲ್ಯದ ಗೆಳತಿ, ಅಷ್ಟೇ ಕಾಲದ ವೈರಿ. ಮೂರನೆಯವರು ಗಲ್ಲಿಯ ಕೊನೆಯಲ್ಲಿ ಬೀಗದ ಕೈ ಮಾಡಿಕೊಡುವ ಲೋ ಮಾಮ. ಹಡಗು ಹತ್ತಿ ಹೋದ ಗಂಡು, ದಡದಲ್ಲಿ ಕಾದು ಕೂತ ಹೆಣ್ಣು, ನಡುವೆ ಒಂದಿಷ್ಟು ಹೆಂಡ. ನಮ್ಮ ಹಳೇ ಹಾಡುಗಳೆಲ್ಲ ಇಷ್ಟೇ. ಆ ಹೆಣ್ಣು ದಡದಲ್ಲಿ ಕಾದಿದ್ದಕ್ಕಿಂತ ಹೆಚ್ಚು ಹೊತ್ತು ಇವರು ಒಂದೊಂದು ಸ್ವರ ಎಳೆಯುತ್ತಿದ್ದರು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದೆ, ಕೆಲವು ಸಲ ಹತ್ತಿಯನ್ನು ಕಿವಿಯಲ್ಲೇ ಮರೆತು ಕೆಳಗಿಳಿದು ಬರುತ್ತಿದ್ದೆ.

ಪೆಟ್ಟಿಗೆ ಮಾವ ಬದುಕಿದ್ದಾಗ ತಂದದ್ದು. ಹಾಡುಗಳೂ ಆಂಪ್ಲಿಫೈಯರೂ ಒಂದರಲ್ಲೇ ಇರುವ ಕರೋಕೆ ಪೆಟ್ಟಿಗೆ, ಅಕ್ಕಿಮೂಟೆಯಷ್ಟು ಭಾರ. ಮಾವ ಹೋಗುವ ಮುಂಚೆಯೇ ಅದರ ವಾರಂಟಿ ಹೋಗಿತ್ತು. ಟಿವಿಯ ಕೆಳಗಿನ ಸ್ಟೀಲ್ ಸ್ಟ್ಯಾಂಡಿನ ಮೇಲೆ ಅದರ ಜಾಗ, ಅದರ ತಲೆಯ ಮೇಲೆ ಒಂದು ಹಸಿರು ಪೊಟ್ಟಣ.

ಆ ಪೊಟ್ಟಣ ನನ್ನ ನಾದಿನಿ ವಾನ್‌ಚು ಕಲಿಸಿದ ಪಾಠ. ಅವಳು ದೂರದ ಶಿಂಚು ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಪೊಟ್ಟಣದಲ್ಲಿರುವುದು ಮಕ್ಕಳು ತಿನ್ನುವ ಜೋಳದ ಕುರುಕಲು. ಹಠ ಮಾಡಬೇಡ, ಜಾಣನಾಗಿರು ಎಂದು ಮಕ್ಕಳಿಗೆ ಹೇಳುವ ಮಾತೇ ಅದರ ಹೆಸರು. ಅದನ್ನು ಯಂತ್ರದ ಮೇಲಿಟ್ಟರೆ ಯಂತ್ರ ಹಠ ಮಾಡುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಮೇಲೂ ಅವರು ಅದನ್ನೇ ಇಡುತ್ತಾರೆ, ಬ್ಯಾಂಕಿನಲ್ಲೂ ಇಡುತ್ತಾರೆ, ಆಸ್ಪತ್ರೆಯಲ್ಲೂ ಇಡುತ್ತಾರೆ. ಪೊಟ್ಟಣ ಹಸಿರಾಗಿರಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ವಾನ್‌ಚು ಇದನ್ನು ಹೇಳಿದ್ದು ನಗುನಗುತ್ತಲೇ, ಆದರೆ ಅತ್ತೆ ಕೇಳಿಸಿಕೊಂಡಿದ್ದು ದೇವಸ್ಥಾನದಲ್ಲಿ ಪ್ರಶ್ನೆ ಕೇಳುವವರ ಹಾಗೆ. ಅಂದಿನಿಂದ ತಾರೀಖು ನೋಡಿ ನೋಡಿ ಪೊಟ್ಟಣ ಬದಲಿಸುವುದು ಅವರ ನೇಮ.

ಈ ಬೇಸಿಗೆಯ ಉರಿಯಲ್ಲಿ ಒಂದು ಮಧ್ಯಾಹ್ನ, ಚಿನ್‌ಫೆಂಗ್ ಅಜ್ಜಿ ಹಾಡಿನ ತುತ್ತತುದಿಯ ಸ್ವರಕ್ಕೆ ಕುತ್ತಿಗೆ ಎತ್ತಿದ್ದಾಗ ಪೆಟ್ಟಿಗೆ ಟಕ್ ಎಂದು ಆರಿಹೋಯಿತು. ಮೈಕಿಲ್ಲದ ಅಜ್ಜಿಯ ಧ್ವನಿ ಬರಿಗಾಲಲ್ಲಿ ಬೀದಿಗೆ ಬಂದಂತಾಯಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತಾನಾಗಿ ಹತ್ತಿಕೊಂಡಿತು. ಅತ್ತೆ ಅವತ್ತೇ ಅಂಗಡಿಗೆ ಹೋಗಿ ಇನ್ನೊಂದು ಹಸಿರು ಪೊಟ್ಟಣ ತಂದು ಮೊದಲಿನದರ ಪಕ್ಕ ಇಟ್ಟರು. ಮರುವಾರ ಮತ್ತೆ ಆರಿತು. ಮತ್ತೊಂದು ಪೊಟ್ಟಣ ಬಂತು. ಬರಬರುತ್ತ ಅದು ಮೂರು ಹಾಡಿಗಿಂತ ಹೆಚ್ಚು ತಡೆಯದಂತಾಯಿತು, ಮೇಲೆ ಆರು ಪೊಟ್ಟಣಗಳು ಹೆಗಲಿಗೆ ಹೆಗಲು ಕೊಟ್ಟು ಕೂತಿದ್ದವು.

ಹೀಗಿರುವಾಗ ಒಂದು ರಾತ್ರಿಯ ಊಟಕ್ಕೆ ಇದೇ ಮಾತು. ವಾನ್‌ಚು ಎಂದಿನಂತೆ ವಿಡಿಯೋ ಕಾಲ್‌ನಲ್ಲಿ ಸೋಯಾ ಸಾಸ್ ಬಾಟಲಿಗೆ ಒರಗಿ ನಿಂತಿದ್ದಳು.

"ರಿಪೇರಿ ಮಾಡ್ಸೋಣ," ಎಂದ ಕ್ವೋಲ್ಯಾಂಗ್. "ಅಪ್ಪ ತಂದಿದ್ದು."

"ಅಣ್ಣಾ, ಅದಕ್ಕೆ ಬಿಡಿಭಾಗ ಮಾಡ್ತಿದ್ದ ಕಂಪನಿನೇ ಮುಚ್ಚೋಗಿದೆ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ ನೋಡು. ಹೊಸದರ ಬೆಲೇಲಿ ಅರ್ಧಕ್ಕಿಂತ ಜಾಸ್ತಿ ಖರ್ಚಾಗೋದಾದ್ರೆ ರಿಪೇರಿ ಮಾತೇ ಎತ್ತಬಾರ್ದು."

"ಎತ್ತಬಾರ್ದು," ಎಂದು ನಾನೂ ದನಿಗೂಡಿಸಿದೆ. ಮೀನಿನ ಸಾರು ನನಗೆ ಅವತ್ತು ಬಹಳ ರುಚಿಯಾಗಿತ್ತು.

"ಅದಕ್ಕೇ ನಾನು ಹೊಸದು ತಂದೂ ಆಯ್ತು," ಎಂದಳು ವಾನ್‌ಚು. "ನಮ್ಮನೆ ಹಾಲ್‌ನಲ್ಲಿ ಇಟ್ಟಿದೀನಿ. ಬೇಕಾದ ಹಾಡು ಬಾಯಲ್ಲಿ ಹೇಳಿದ್ರೆ ಸಾಕು, ಅದೇ ಹುಡುಕಿ ಹಾಕುತ್ತೆ. ಹಾಡಿದ್ಮೇಲೆ ಮಾರ್ಕ್ಸೂ ಕೊಡುತ್ತೆ. ಅಮ್ಮಾ, ನೀನೇ ಬಂದ್ಬಿಡು. ಲಿಫ್ಟ್ ಇದೆ. ಆ ಏಣಿ ಥರದ ಮೆಟ್ಲು ಹತ್ತಿ ಹತ್ತಿ ಮಂಡಿ ಸವೆಸ್ಕೊಂಡಿದ್ದು ಸಾಕು."

ಈ ಕರೆ ಹೊಸದಲ್ಲ, ಪ್ರತಿ ವರ್ಷ ಬರುವಂಥದ್ದು. ಅತ್ತೆಯ ಉತ್ತರವೂ ಹೊಸದಲ್ಲ. "ಈ ಪೆಟ್ಟಿಗೇನ ಹೊತ್ಕೊಂಡು ಅಷ್ಟು ದೂರ ಬರಕ್ಕಾಗುತ್ತೇನೇ?" ಎಂದು ಕೇಳಿ ಮಾತು ಮುಗಿಸಿಬಿಡುತ್ತಿದ್ದರು. ಆ ರಾತ್ರಿ ಹಾಗೆ ಕೇಳಲಿಲ್ಲ. ಬಟ್ಟಲಿನ ಕೊನೆಯ ಅನ್ನವನ್ನು ನಿಧಾನವಾಗಿ ಬಾಯಿಗಿಟ್ಟುಕೊಂಡು, ಊಟದ ಕಡ್ಡಿಗಳನ್ನು ಜೋಡಿಸಿಟ್ಟರು.

"ಪೆಟ್ಟಿಗೆ ಸರಿಹೋದ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಏಳನೇ ತಿಂಗಳು ಕಳೀಲಿ, ಬರ್ತೀನಿ."

ನಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ ಪ್ರೇತಗಳೆಲ್ಲ ಹೊರಗೆ ಅಡ್ಡಾಡುತ್ತಿರುತ್ತವೆ, ಆಗ ಯಾರೂ ಮನೆ ಬದಲಿಸುವುದಿಲ್ಲ. ವಾನ್‌ಚು ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಕ್ವೋಲ್ಯಾಂಗ್ ನನ್ನ ಮುಖ ನೋಡಿದ. ನಾನು ಬಟ್ಟಲೊಳಗೆ ನೋಡಿದೆ. ಸಾರಿನ ರುಚಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುದಿನದಿಂದ ಕಚೇರಿ ಬಂದ್. ಗಲ್ಲಿ ಗಲ್ಲಿಯೇ ಗಪ್‌ಚಿಪ್. ಬಹುದಿನದ ಆಸೆ ಈಡೇರಿದವಳಂತೆ ಕಾಲು ಚಾಚಿ ಮಲಗಿದೆ. ನಿದ್ದೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕಿವಿಗೆ ಹತ್ತಿ ಬೇಕಿರಲಿಲ್ಲ, ಆದರೂ ತುರುಕಿ ನೋಡಿದೆ. ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ನಾನು ನಿದ್ದೆ ಮಾಡುತ್ತಿದ್ದುದು ಆ ಹಾಡುಗಳನ್ನು ಬಯ್ಯುತ್ತ ಬಯ್ಯುತ್ತಲೇ. ಲೋ ಮಾಮನ ಹಾಡಿಗೆ ಕಾಲುನೋವು ಇಳಿಯುತ್ತಿತ್ತು. ಚಿನ್‌ಫೆಂಗ್ ಅಜ್ಜಿ ಎತ್ತರಕ್ಕೇರಿದಾಗ ಶಾಪ ಹಾಕಿ ಮಗ್ಗುಲು ಬದಲಿಸುತ್ತಿದ್ದೆ. ಅತ್ತೆ ಮೈಕು ಹಿಡಿದರೆ, ಕೆಳಗೆ ಮನೆ ಇದೆ, ಮನೆಯಲ್ಲಿ ಜನ ಇದ್ದಾರೆ, ನಾನೊಬ್ಬಳು ಕಣ್ಣು ಮುಚ್ಚಿದರೆ ಏನೂ ಮುಳುಗಿಹೋಗುವುದಿಲ್ಲ ಅನ್ನಿಸಿ ಮೈ ಹಗುರವಾಗುತ್ತಿತ್ತು. ಅವರ ಹಾಡು ಕೊನೆಯವರೆಗೆ ಕೇಳಿದ ನೆನಪೇ ನನಗಿಲ್ಲ. ಈಗ ಕೇಳುತ್ತಿದ್ದುದು ಫ್ರಿಜ್ಜಿನ ಗೊರಗೊರ ಒಂದೇ.

ಕೆಳಗಿಳಿದು ಬಂದರೆ ಅತ್ತೆ ಅರ್ಧ ಎಳೆದ ಷಟರಿನ ನೆರಳಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ನಿದ್ದೆ ಬಂತೇನೇ ಅ-ಚೆನ್? ಈಗ ಗಲಾಟೆ ಇಲ್ಲ, ಆರಾಮ ಅಲ್ವಾ?"

"ಹೂಂ," ಎಂದೆ.

ಯಾಕೆ ಹಾಗೆಂದೆನೋ! ಇಲ್ಲ, ಬರಲಿಲ್ಲ, ನೀವು ಹಾಡದೆ ಹೇಗೆ ಬರುತ್ತದೆ ಎಂದುಬಿಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅಂಥ ಮಾತು ಆಡುವ ಪದ್ಧತಿಯಿಲ್ಲ. ಯಾರ ಮೇಲೆ ಪ್ರೀತಿ ಬಂದರೂ ಮೀನಿನ ಹೊಟ್ಟೆಯ ಭಾಗ ಎತ್ತಿ ಅವರ ಬಟ್ಟಲಿಗೆ ಹಾಕುತ್ತೇವೆ. ಆ ರಾತ್ರಿ ನಾನು ಎರಡು ಮೀನಿನ ಹೊಟ್ಟೆ ಅತ್ತೆಯ ಬಟ್ಟಲಿಗೆ ಹಾಕಿದೆ. ಅವರು, "ಏನೇ, ವ್ಯಾಪಾರ ಆಗಲಿಲ್ವಾ? ಇಷ್ಟೊಂದು ಉಳಿದಿದೆ?" ಎಂದರು.

ನೇರ ದಾರಿಯನ್ನೂ ನೋಡಿದೆ. "ಅತ್ತೆ, ಹೊಸದೊಂದು ನಾವೂ ತಂದ್ಬಿಡೋಣ," ಎಂದು ಕೇಳಿದೆ.

"ಒಂದು ವಾನ್‌ಚು ಮನೇಲಿ ಇದೆಯಲ್ಲೇ. ಹಾಡೋದು ಒಂದು ಬಾಯಿ, ಅದಕ್ಕೆ ಎರಡು ಪೆಟ್ಟಿಗೆ ಯಾಕೆ? ದುಡ್ಡೇನು ಮೀನಿನ ಜೊತೆ ಈಜ್ಕೊಂಡು ಬರುತ್ತಾ?"

ಇನ್ನು ಉಳಿದಿದ್ದು ರಿಪೇರಿ ಒಂದೇ. ಪೆಟ್ಟಿಗೆ ಸಾಯಲಿ ಎಂದು ಬಯಸಿದ್ದ ನಾನೇ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕ್ವೋಲ್ಯಾಂಗನ ಸ್ಕೂಟರಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಅವನು, "ಬಿಗಿಯಾಗಿ ಹಿಡ್ಕೋ, ಬಿಗಿಯಾಗಿ ಹಿಡ್ಕೋ," ಎನ್ನುತ್ತಿದ್ದ. ನನ್ನನ್ನು ಹತ್ತಿಸಿಕೊಂಡಾಗ ಒಂದು ದಿನವೂ ಹಾಗೆಂದವನಲ್ಲ.

ರೇಡಿಯೋ ರಿಪೇರಿಯ ತ್ಸಾಯ್ ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಮುಚ್ಚಿದ. ವಾರಾಂತ್ಯ ಪೂರ್ತಿ ತನ್ನ ಅಂಗಡಿಯಲ್ಲಿ ಹಚ್ಚಿಟ್ಟ. ತಾನೇ ಹಾಡಿಯೂ ನೋಡಿದ. ಸೋಮವಾರ ನಾವು ಹೋದಾಗ ಕೈಯಾಡಿಸಿಬಿಟ್ಟ.

"ಇದಕ್ಕೇನೂ ಆಗಿಲ್ಲ ಅಕ್ಕಾ. ಕುದುರೆ ಥರ ಓಡ್ತಿದೆ. ತಗೊಂಡೋಗಿ."

ತಂದೆವು. ಅತ್ತೆ ಸ್ಟ್ಯಾಂಡನ್ನು ಒರೆಸಿ, ಪೆಟ್ಟಿಗೆಯನ್ನಿಟ್ಟು, ಆರು ಪೊಟ್ಟಣಗಳನ್ನು ಒಂದೊಂದಾಗಿ ಎರಡು ಕೈಯಲ್ಲೂ ಹಿಡಿದು ಮೇಲೆ ಕೂರಿಸಿದರು. ಕಚೇರಿ ಶುರುವಾಯಿತು. ನಾನು ಮಹಡಿಗೆ ಓಡಿದೆ. ಎರಡನೇ ಹಾಡಿಗೆ ಕಣ್ಣೆಳೆಯುತ್ತಿದ್ದಂತೆ ಟಕ್!

ಮತ್ತೆ ಸ್ಕೂಟರು, ಮತ್ತೆ ತ್ಸಾಯ್. ಅವನಲ್ಲಿ ಮತ್ತೆ ಕುದುರೆ. ನಮ್ಮಲ್ಲಿ ಮತ್ತೆ ಕತ್ತೆ. ಮೂರನೇ ಸಲ ಹೋದಾಗ ತ್ಸಾಯ್ ದನಿ ತಗ್ಗಿಸಿದ.

"ತಪ್ಪು ತಿಳೀಬೇಡಿ ಅಣ್ಣ. ಪೆಟ್ಟಿಗೇಲಿ ಏನಿಲ್ಲ. ನಿಮ್ಮ ಮನೇಲೇ ಏನೋ ಇದೆ."

ಬೇರೆ ತಿಂಗಳಲ್ಲಾಗಿದ್ದರೆ ಕುಣಿಯಲಾರದವನು ನೆಲ ಡೊಂಕು ಎಂದ ಅಂತ ನಕ್ಕುಬಿಡುತ್ತಿದ್ದೆವು. ಏಳನೇ ತಿಂಗಳಲ್ಲಿ ಯಾರಾದರೂ ಹೀಗೆಂದರೆ ನಗು ಬರುವುದಿಲ್ಲ. ಕ್ವೋಲ್ಯಾಂಗ್ ಮನೆಯಲ್ಲಿ ಬಾಯಿ ತಪ್ಪಿ ಅದನ್ನು ಹೇಳಿಯೂಬಿಟ್ಟ. ಅತ್ತೆ ಬಾಗಿಲಲ್ಲಿ ಮೇಜು ಹಾಕಿ ಹಣ್ಣು, ಬೇಯಿಸಿದ ಕೋಳಿ, ಅಗರಬತ್ತಿ ಎಲ್ಲ ಇಟ್ಟು, ಪ್ರೇತಗಳ ಖರ್ಚಿಗೆಂದು ಒಂದು ತಗಡಿನ ಡಬ್ಬಿ ತುಂಬ ಕಾಗದದ ದುಡ್ಡು ಸುಟ್ಟರು. ಚಿನ್‌ಫೆಂಗ್ ಅಜ್ಜಿ ಹೊಗೆಗೆ ಮುಖ ಸಿಂಡರಿಸಿಕೊಂಡು ಪಕ್ಕದಲ್ಲೇ ನಿಂತಿದ್ದರು. ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ.

"ಬೇರೆ ಯಾವ ದೆವ್ವಾನೂ ಅಲ್ಲ ಕಣೇ ಯುಯೆಶಿಯ. ನಿನ್ನ ಯಜಮಾನ್ರೇ ಬಂದು ಆರಿಸ್ತಿರೋದು. ನಿನ್ನ ಸ್ವರ ತಡೀಲಾರ್ದೆ."

"ಮೊದಲ ಸಲ ಆರಿಹೋಗಿದ್ದು ಯಾರು ಹಾಡುವಾಗ? ನೆನಪು ಮಾಡ್ಕೋ."

"ನೀನು ಶಿಂಚುಗೆ ಹೋಗ್ತೀಯಲ್ಲ, ಅಲ್ಲಿ ಆ ಮಾರ್ಕ್ಸ್ ಕೊಡೋ ಪೆಟ್ಟಿಗೆ ನಿನಗೆ ಸೊನ್ನೆ ಕೊಡ್ಲಿ." ಹೀಗೆಂದು ಅಜ್ಜಿ ತಟ್ಟನೆ ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಜ್ಜಿಯ ಕಣ್ಣು ಕೆಂಪಾದದ್ದು ಹೊಗೆಗೆ ಎಂದು ಅತ್ತೆ ಹೇಳಿದರು. ನನಗೆ ಹಾಗೆ ಕಾಣಲಿಲ್ಲ.

ಏಳನೇ ತಿಂಗಳು ಮುಗಿಯಿತು. ಭಾನುವಾರ ವಾನ್‌ಚು ಕಾರು ತಂದಳು. ಅತ್ತೆಯ ಬ್ಯಾಗು ಮೆಟ್ಟಿಲ ಬುಡಕ್ಕೆ ಬಂದು ಕೂತಿತ್ತು. ಒಂದು ಜೀವಮಾನಕ್ಕೆ ಒಂದೇ ಬ್ಯಾಗು ಸಾಕೇ ಎಂದು ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆಯಿಂದ ಯಾರ ಮೇಲೆ ಅಂತಿಲ್ಲದೆ ಸಿಡುಕುತ್ತಿದ್ದೆ. ಗಿರಾಕಿಯೊಬ್ಬರು ಗಂಜಿಗೆ ಉಪ್ಪು ಹೆಚ್ಚಾಗಿದೆ ಎಂದಾಗ, "ಮನೇಲಿ ಮಾಡ್ಕೊಂಡು ತಿನ್ನಿ," ಎಂದುಬಿಟ್ಟೆ. ಕ್ವೋಲ್ಯಾಂಗ್ ನನ್ನನ್ನು ಒಲೆಯ ಬಳಿಯಿಂದ ಎಬ್ಬಿಸಿ ಪಾತ್ರೆಯ ಕಡೆ ಕಳಿಸಿದ.

ಮಧ್ಯಾಹ್ನ ಷಟರ್ ಇಳಿಯಿತು. ಲೋ ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಚಿನ್‌ಫೆಂಗ್ ಅಜ್ಜಿ ಬಂದು ಅತ್ತೆಗೆ ಬೆನ್ನು ಹಾಕಿ ಕೂತರು.

"ಒಂದು ಕೊನೇ ಸಲ ನೋಡ್ಬಿಡೋಣ," ಎಂದರು ಅತ್ತೆ. "ಸಾಯಂಕಾಲದವರೆಗೆ ಓಡಿದ್ರೆ ಸರಿಹೋಯ್ತು ಅಂತ ಲೆಕ್ಕ. ನಿಂತ್ರೆ ಹೊರಡೋಣ." ಮಾತು ಎಂದರೆ ಮಾತು. ಅದಕ್ಕೆಂದೇ ಇನ್ನೂ ನಾಲ್ಕು ಹಸಿರು ಪೊಟ್ಟಣ ತಂದಿದ್ದರು. ಈಗ ಪೆಟ್ಟಿಗೆಯ ತಲೆಯ ಮೇಲೆ ಎರಡು ಅಂತಸ್ತು.

ಲೋ ಮಾಮ ಮೊದಲು ಹಾಡಿದರು. ಪೆಟ್ಟಿಗೆ ಜಾಣನಾಗಿತ್ತು. ಚಿನ್‌ಫೆಂಗ್ ಅಜ್ಜಿ ಹಾಡುವುದಿಲ್ಲವೆಂದು ತಲೆಯಾಡಿಸಿದರು. ಅತ್ತೆ ಮೈಕು ತೆಗೆದುಕೊಂಡರು. ಹಾಡು ದಡದಲ್ಲಿ ಕಾಯುವ ಹೆಣ್ಣಿನದೇ. ಈ ಹಾಡನ್ನು ನಾನು ಎಂದೂ ಎಚ್ಚರವಾಗಿ ಕೂತು ಕೇಳಿದವಳಲ್ಲ. ಅತ್ತೆ ಚೆನ್ನಾಗಿಯೇ ಹಾಡುತ್ತಿದ್ದರು. ಮೊದಲ ಚರಣ ದಾಟಿತು. ಎರಡನೆಯದು ದಾಟಿತು. ಕ್ವೋಲ್ಯಾಂಗ್ ಎರಡು ಕೈಯನ್ನೂ ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ. ಹಡಗು ತಿರುಗಿ ಬರುವ ಸಾಲಿಗೆ ಟಕ್ ಎಂದಿತು. ಟಿವಿ ಕಪ್ಪಾಯಿತು.

ಅತ್ತೆ ಮೈಕಿನ ವೈರನ್ನು ಮೊಣಕೈಗೆ ಸುತ್ತಿ ಸುತ್ತಿ, ಗಂಟು ಹಾಕಿ, ಮೇಜಿನ ಮೇಲಿಟ್ಟರು.

"ಸರಿ. ಆಯ್ತಲ್ಲ. ಹೊರಡೋಣ ವಾನ್‌ಚು."

ವಾನ್‌ಚು ಬ್ಯಾಗಿಗೆ ಕೈ ಹಾಕಿದಳು. ಆಗ ನನಗೆ ಬಂದ ಸಿಟ್ಟು ಯಾರ ಮೇಲೆಂದು ಇವತ್ತಿಗೂ ಹೇಳಲಾರೆ. ಕಣ್ಣಿಗೆ ಬಿದ್ದಿದ್ದು ಮಾತ್ರ ಆ ಹತ್ತು ಹಸಿರು ಪೊಟ್ಟಣಗಳು. ಸೋಮಾರಿ ನೆಂಟರಂತೆ ಮೇಲೇರಿ ಕೂತಿದ್ದವು.

"ದಂಡಪಿಂಡಗಳಾ!" ಎಂದು ಅವುಗಳನ್ನು ಒಂದೇ ಕೈಯಲ್ಲಿ ಕೆಳಗೆ ಬಾಚಿದೆ. "ಮಾಡಕ್ಕೆ ಇದ್ದಿದ್ದು ಒಂದೇ ಕೆಲಸ! ಅದನ್ನೂ ಮಾಡಲಿಲ್ಲ!" ಒಂದನ್ನೆತ್ತಿ ಟರ್ರೆಂದು ಹರಿದು, ಬೆರಳಿಗೆ ಸಿಕ್ಕಷ್ಟನ್ನೂ ಬಾಯಿಗೆ ತುರುಕಿದೆ.

ಚಿನ್‌ಫೆಂಗ್ ಅಜ್ಜಿ ಎದೆ ಹಿಡಿದುಕೊಂಡು ಎದ್ದು ನಿಂತರು. "ಅಯ್ಯಯ್ಯೋ, ತಿಂದ್ಬಿಟ್ಳು!"

"ಅತ್ತಿಗೆ, ತಿನ್ನಬಾರ್ದು!" ಎಂದು ಎಂಜಿನಿಯರ್ ವಾನ್‌ಚು ಚೀರಿದಳು.

"ತಿಂತೀನಿ! ಹತ್ತನ್ನೂ ತಿಂತೀನಿ! ಪೆಟ್ಟಿಗೆ ಸತ್ರೆ ಸಾಯ್ಲಿ, ಅತ್ತೆ ಯಾಕೆ ಹೋಗ್ಬೇಕು?" ಬಾಯಿ ತುಂಬ ಜೋಳದ ಕುರುಕಲು, ತುಟಿಯಿಂದ ಪುಡಿ ಸಿಡಿಯುತ್ತಿತ್ತು. ಅತ್ತೆಯ ಕಡೆ ತಿರುಗಿದೆ. "ಕೆಟ್ಟಿದ್ದು ಪೆಟ್ಟಿಗೆ. ನೀವು ಯಾಕೆ ಬ್ಯಾಗು ಕಟ್ಟಿದ್ರಿ?"

ಅತ್ತೆ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು.

"ಕಿವಿಗೆ ಹತ್ತಿ ಇಟ್ಕೊಂಡು ಓಡಾಡ್ತಿದ್ದೋಳು ನೀನೇ ಅಲ್ವೇನೇ? ಕೋಳಿಗಿಂತ ಮುಂಚೆ ಏಳ್ತೀಯ. ಮಧ್ಯಾಹ್ನ ಒಂದು ನಿದ್ದೆಗೂ ನಾನು ಕಲ್ಲು ಹಾಕ್ತಿದೀನಿ ಅಂತ ನಂಗೆ ಗೊತ್ತಿರಲಿಲ್ವಾ? ಬಿಡಕ್ಕೆ ಮನಸ್ಸು ಬರ್ತಿರಲಿಲ್ಲ. ಪೆಟ್ಟಿಗೆ ತಾನಾಗೇ ನಿಂತಾಗ, ಇನ್ನು ಸಾಕು ಅಂತ ದೇವರೇ ಹೇಳ್ದ ಅಂದ್ಕೊಂಡೆ. ನಿದ್ದೆ ಬಂತಾ ಅಂದ್ರೆ ಹೂಂ ಅಂದೆಯಲ್ಲ."

"ಸುಳ್ಳು ಹೇಳ್ದೆ! ಪೆಟ್ಟಿಗೆ ಕೆಟ್ಟಾಗಿನಿಂದ ನಾನು ಒಂದು ಮಧ್ಯಾಹ್ನವೂ ಮಲಗಿಲ್ಲ. ನಿಮ್ಮ ಗಲಾಟೆ ಇಲ್ದೆ ನಂಗೆ ನಿದ್ದೆ ಬರಲ್ಲ. ನೀವಿಲ್ದೆ ಈ ಮನೆ ನಂಗೆ ಬೇಡ." ಇಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಳುತ್ತಲೇ ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಅತ್ತೆ ಹತ್ತಿರ ಬಂದು ತಮ್ಮ ಕೈವಸ್ತ್ರದಲ್ಲಿ ನನ್ನ ತುಟಿಯ ಪುಡಿ ಒರೆಸಿದರು, ಮದುವೆಯಾಗಿ ಬಂದ ಹೊಸತರಲ್ಲೂ ಅವರು ನನ್ನನ್ನು ಹಾಗೆ ಮುಟ್ಟಿದ್ದಿಲ್ಲ.

"ವಾನ್‌ಚು, ಆ ಬ್ಯಾಗು ಮೇಲಿಟ್ಟು ಬಾ," ಎಂದರು.

"ಅಮ್ಮಾ, ಪೆಟ್ಟಿಗೆ ನಿಂತ್ರೆ ಬರ್ತೀನಿ ಅಂತ ನೀನೇ…"

"ಪೆಟ್ಟಿಗೆ ಮನೆ ಹಾಳಾಯ್ತು. ಇವಳು ಬಾಯಿ ಬಿಟ್ಟು ಹೇಳಿದ್ಳಲ್ಲ."

ಎಲ್ಲರೂ ಎತ್ತ ನೋಡಬೇಕೋ ತಿಳಿಯದೆ ನಿಂತಿದ್ದಾಗ ಲೋ ಮಾಮ ಏನಾದರೂ ಕೆಲಸ ಇರಲಿ ಎಂದು ನೆಲದ ಮೇಲಿನ ಪೊಟ್ಟಣಗಳನ್ನು ಆಯ್ದರು. ವಾಪಸು ಇಡಲು ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಊರಿದವರೇ, "ಅಯ್ಯಪ್ಪಾ!" ಎಂದು ಎಳೆದುಕೊಂಡರು. "ಕಾದ ಬಾಣಲೆ ಇದ್ದ ಹಾಗಿದೆ ಕಣ್ರೋ!"

ವಾನ್‌ಚು ಬ್ಯಾಗು ಅಲ್ಲೇ ಬಿಟ್ಟು ಹತ್ತಿರ ಬಂದಳು. ಬಗ್ಗಿ ನೋಡಿದಳು. ಪೆಟ್ಟಿಗೆಯ ತಲೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಸೀಳುಗಳಿದ್ದವು, ಒಳಗಿನ ಬಿಸಿ ಹೊರಬರುವ ದಾರಿ. ಪೊಟ್ಟಣಗಳು ಅಲ್ಲಿಂದ ಇಳಿದ ಮೇಲೆ ಆ ಸೀಳುಗಳಿಂದ ಗಂಜಿ ಪಾತ್ರೆಯ ಮುಚ್ಚಳ ತೆಗೆದಂತೆ ಝಳ ಬರುತ್ತಿತ್ತು. ನೋಡುತ್ತ ನೋಡುತ್ತ ನನ್ನ ನಾದಿನಿಯ ಕಿವಿ ಕೆಂಪಾಯಿತು.

"ಅಮ್ಮಾ… ಇದಕ್ಕೆ ಉಸಿರುಕಟ್ಟಿ ಆರಿಹೋಗ್ತಿತ್ತು. ಹತ್ತು ಪೊಟ್ಟಣ ಯಾರು ಇಡಕ್ಕೆ ಹೇಳಿದ್ರು? ಒಂದಲ್ವಾ ಇಡೋದು?"

"ಒಂದಿಟ್ರೆ ಒಳ್ಳೇದು ಅಂತ ನೀನೇ ಹೇಳ್ದೆ. ಒಂದಕ್ಕೇ ಅಷ್ಟು ಒಳ್ಳೇದಾದ್ರೆ ಹತ್ತಕ್ಕೆ ಇನ್ನೆಷ್ಟಾಗ್ಬೇಕು?"

ಕ್ವೋಲ್ಯಾಂಗ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಂದ್ರೆ ತ್ಸಾಯ್ ಅಂಗಡೀಲಿ ಓಡ್ತಿದ್ದಿದ್ದು ಅದಕ್ಕೇನಾ? ಅಲ್ಲಿ ಪೊಟ್ಟಣ ಇರ್ಲಿಲ್ಲ! ಮೂರು ಮೂರು ಸಲ ಹೊತ್ಕೊಂಡು ಹೋದೆನಲ್ಲಪ್ಪಾ ಇದನ್ನ!"

"ಹೊತ್ಕೊಂಡಿದ್ದು ನಾನು," ಎಂದು ನಾನು ಮೂಗು ಒರೆಸಿಕೊಂಡು ತಿದ್ದಿದೆ.

"ಅತಿಯಾದ್ರೆ ಅಮೃತಾನೂ ವಿಷ," ಎಂದರು ಲೋ ಮಾಮ ಅಂಗೈ ಊದಿಕೊಳ್ಳುತ್ತ.

"ಇವಳ ಹಾಡಿನ ಬಗ್ಗೆ ನಾನು ಇದನ್ನೇ ಹೇಳ್ತಾ ಬಂದಿದ್ದು," ಎಂದರು ಚಿನ್‌ಫೆಂಗ್ ಅಜ್ಜಿ. ಅವರ ಬೆನ್ನು ಆಗಲೇ ತಿರುಗಿ, ಮುಖ ಅತ್ತೆಯ ಕಡೆಗಿತ್ತು. "ಕೊಡಿಲ್ಲಿ ಒಂದು ಪೊಟ್ಟಣ. ಹೆಂಗೂ ಅ-ಚೆನ್ ತಿಂದಾಯ್ತು, ಬರೋ ಪಾಪ ಅವಳಿಗೇ ಬರ್ಲಿ. ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಹತ್ತು ಪೊಟ್ಟಣಗಳನ್ನೂ ಮೇಜಿನ ಮೇಲೆ ಸುರಿದು, ಚಹಾ ಮಾಡಿಕೊಂಡು, ಆರು ಜನ ಸುತ್ತ ಕೂತು ತಿಂದೆವು. ತಿನ್ನುತ್ತ ತಿನ್ನುತ್ತ ಪೆಟ್ಟಿಗೆ ತಣ್ಣಗಾಯಿತು, ತಾನಾಗಿ ದೀಪ ಹತ್ತಿಸಿಕೊಂಡಿತು. ಯಾರೂ ಜಯಕಾರ ಹಾಕಲಿಲ್ಲ. ಚಿನ್‌ಫೆಂಗ್ ಅಜ್ಜಿ ಮಾತ್ರ ಕೈಯ ಪುಡಿ ಕೊಡವಿ ಮೈಕಿನ ವೈರು ಬಿಚ್ಚತೊಡಗಿದರು. ವಾನ್‌ಚುವಿನ ಮುಖ ಸ್ವಲ್ಪ ಚಿಕ್ಕದಾಗಿತ್ತು. ಅತ್ತೆ ಅವಳ ಗಲ್ಲ ಹಿಡಿದು, "ಹೊಸ ವರ್ಷಕ್ಕೆ ಬಂದು ನಿನ್ನ ಪೆಟ್ಟಿಗೆ ಮುಂದೆ ಪರೀಕ್ಷೆಗೆ ಕೂರ್ತೀನಿ ಕಣೇ. ಫೇಲಾದ್ರೆ ಓಡಿ ಬಂದ್ಬಿಡ್ತೀನಿ ಅಷ್ಟೇ," ಎಂದರು. ಅವಳು ನಕ್ಕಳು, ಅಮ್ಮನ ಕೈ ಬಿಡಿಸಿಕೊಳ್ಳಲಿಲ್ಲ.

"ನೀನು ಹೋಗಿ ಮಲಗು," ಎಂದರು ಅತ್ತೆ ನನಗೆ. "ಕಣ್ಣು ನೋಡು, ಬೆಂದ ಮೀನಿನ ಕಣ್ಣಾಗಿದೆ."

ಮಹಡಿ ಹತ್ತಿದೆ. ಮಲಗಿದೆ. ಕೆಳಗೆ ವಾದ್ಯ ಶುರುವಾಯಿತು, ಅತ್ತೆಯ ಧ್ವನಿಯೂ ಬಂತು. ಆದರೆ ಎಲ್ಲೋ ದೂರದಿಂದ ಬಂದಂತಿತ್ತು. ಕಿವಿಗೊಟ್ಟು ಕೇಳಿದೆ. ನನ್ನ ನಿದ್ದೆ ಕೆಡದಿರಲಿ ಎಂದು ಈ ಹೆಂಗಸು ಸದ್ದು ತಗ್ಗಿಸಿ, ಮೈಕಿನೊಳಗೆ ಪಿಸುಗುಟ್ಟುತ್ತ ಹಾಡುತ್ತಿದೆ! ದಡದಲ್ಲಿ ಕಾಯುವ ಹೆಣ್ಣು ಹೀಗೆ ಪಿಸುಗುಟ್ಟಿದರೆ ಹಡಗು ತಿರುಗಿ ಬಂದ ಹಾಗೇ ಸರಿ. ಎದ್ದು ಮೆಟ್ಟಿಲ ತುದಿಗೆ ಬಂದೆ.

"ಅತ್ತೆ! ಜೋರಾಗಿ ಇಡಿ!"

ಕೆಳಗೆ ಒಂದು ಗಳಿಗೆ ಹಾಡು ನಿಂತಿತು. ಆಮೇಲೆ ಗೋಡೆಯ ಕ್ಯಾಲೆಂಡರ್ ಅದುರುವಷ್ಟು ಜೋರಾಗಿ ಅತ್ತೆ ಹಾಡಿದರು. ನಾನು ಹೋಗಿ ದಿಂಬಿಗೆ ತಲೆ ಕೊಟ್ಟೆ. ಆ ಹಾಡಿನ ಕೊನೆ ಹೇಗಿದೆಯೆಂದು ನನಗೆ ಇನ್ನೂ ಗೊತ್ತಿಲ್ಲ.